ಚೀಲ, ಗಡ್ಡೆ, ಗುಳ್ಳೆ

ನನ್ನ ಎಡ ಅಂಡಾಶಯದಲ್ಲಿ 46 ಮಿಲಿಮೀಟರಿನ ಒಂದು ಸಿಸ್ಟ್ ಇದೆ ಎಂದು ಪುಣೆಯ ಸ್ಕ್ಯಾನಿಂಗ್ ಸೆಂಟರೊಂದು ಕಳೆದ ಜುಲೈನಲ್ಲಿ ಬರೆದುಕೊಟ್ಟಿತು. ಎರಡು ವಾರದಿಂದ ಕಿಬ್ಬೊಟ್ಟೆಯ ಒಂದು ಬದಿ ಭಾರ ಅನ್ನಿಸುತ್ತಿತ್ತು, ಅದಕ್ಕೇ ಹೋಗಿದ್ದೆ. ಗೋಡೆ ತೆಳು, ಒಳಗೆ ಬರೀ ನೀರು, ಗಟ್ಟಿ ಭಾಗವಿಲ್ಲ, ನಡುವೆ ಪರದೆಗಳಿಲ್ಲ. ವೈದ್ಯೆ ವರದಿಯನ್ನು ಎರಡು ಸಲ ಓದಿ, ಈಗ ಏನೂ ಮಾಡುವುದು ಬೇಡ, ಮೂರು ಮುಟ್ಟು ಕಳೆಯಲಿ, ಆಮೇಲೆ ಇನ್ನೊಮ್ಮೆ ಸ್ಕ್ಯಾನ್ ಮಾಡಿ ನೋಡೋಣ ಅಂದರು. ಗುಳಿಗೆಯನ್ನೂ ಬರೆಯಲಿಲ್ಲ. ಏಕಾಏಕಿ ಜೋರಾಗಿ ನೋವು ಬಂದು ವಾಂತಿಯಾದರೆ ಮಾತ್ರ ರಾತ್ರಿಯಾದರೂ ಸರಿ ಬನ್ನಿ ಎಂದು ಹೇಳಿ ಕಳಿಸಿದರು.

ಸಂಜೆ ಅವ್ವನಿಗೆ ಫೋನ್ ಮಾಡಿದೆ. ಆಕೆ ಇರುವುದು ಹಾವೇರಿ ಕಡೆ.

"ಗಡ್ಡಿ ಹೊಟ್ಟ್ಯಾಗ ಇಟ್ಕೊಂಡು ಕಾಯ್ಕೋತ ಕುಂದರತಿಯೇನ? ಅಡಿ ಹಾಕಿದ ಮಾವಿನಕಾಯೇನ ಅದು, ಹಣ್ಣಾಗ್ಲಿ ಅಂತ ಬಿಡಾಕ?"

ನಾನು ಗಡ್ಡೆ ಅಂದಿರಲಿಲ್ಲ, ಸಿಸ್ಟ್ ಅಂದಿದ್ದೆ. ಅವ್ವ ತನ್ನಷ್ಟಕ್ಕೆ ಅನುವಾದ ಮಾಡಿಕೊಂಡಳು. ಅನುವಾದವೇ ನನ್ನ ಹೊಟ್ಟೆಪಾಡು, ಹಾಗಾಗಿ ಆಕೆಯ ಮೇಲೆ ಸಿಟ್ಟು ಬರಲಿಲ್ಲ. ಬೇರೆ ಪದ ಕೊಡೋಣವೆಂದರೆ ಆ ಹೊತ್ತಿಗೆ ನನ್ನ ಬಳಿಯೂ ಇರಲಿಲ್ಲ. ಅವ್ವನ ಭಯಕ್ಕೆ ಇನ್ನೊಂದು ಕಾರಣವಿತ್ತು, ಅದನ್ನು ನಾವಿಬ್ಬರೂ ಫೋನಿನಲ್ಲಿ ಬಾಯಿಬಿಟ್ಟು ಹೇಳಲಿಲ್ಲ. ನನ್ನ ಚಿಗವ್ವ. ಹದಿನೈದು ವರ್ಷಗಳ ಹಿಂದೆ, 39ರ ವಯಸ್ಸಿನಲ್ಲಿ, ಹೊಟ್ಟೆನೋವೆಂದು ಹೋದವಳಿಗೆ ಜಿಲ್ಲಾ ಕೇಂದ್ರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಗಡ್ಡೆ ಇದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ ಎಂದರು. ಮೂರನೆಯ ದಿನ ಗರ್ಭಕೋಶ ಮತ್ತು ಎರಡೂ ಅಂಡಾಶಯಗಳು ಹೋದವು. ಮಕ್ಕಳಾಗಿದ್ದವಲ್ಲ, ಇನ್ನೇನು ಬೇಕು ಎಂದು ಮನೆಯವರೆಲ್ಲ ಅಂದರು. ಅವತ್ತು ಹಾಗೆ ಅಂದವರಲ್ಲಿ ನನ್ನ ಅವ್ವನೂ ಒಬ್ಬಳು.

ನಾನು ವೈದ್ಯೆಯಲ್ಲ. ಭಾಷಾವಿಜ್ಞಾನದಲ್ಲಿ ಎಂ.ಎ. ಮಾಡಿ, ಈಗ ಔಷಧ ಚೀಟಿಯಿಂದ ವಿಮೆ ಪಾಲಿಸಿಯವರೆಗೆ ಸಿಕ್ಕಿದ್ದನ್ನೆಲ್ಲ ಕನ್ನಡಕ್ಕೆ ತರುವವಳು. ಆದರೆ ಆ ಮೂರು ತಿಂಗಳು ಸುಮ್ಮನೆ ಕಾಯುತ್ತಾ, ಓದುತ್ತಾ ನನಗೆ ಬಲವಾಗಿ ಅನ್ನಿಸಿದ್ದೊಂದು ಇದೆ. ಅಂಡಾಶಯದ ಸಿಸ್ಟಿಗೆ ಇರುವ ಚಿಕಿತ್ಸೆಗಳಲ್ಲಿ ಹೆಚ್ಚಿನವರಿಗೆ ಒಪ್ಪುವುದು ಕಾಯುವುದೇ. ಆದರೆ ನಮ್ಮ ಮಾತಿನಲ್ಲಿ ಅದಕ್ಕೆ ಚಿಕಿತ್ಸೆಯ ಮರ್ಯಾದೆ ಇಲ್ಲ. ಆ ಮರ್ಯಾದೆ ಇಲ್ಲದ್ದರಿಂದ ಎಷ್ಟೋ ಹೆಂಗಸರು ಕಳೆದುಕೊಳ್ಳಬೇಕಿಲ್ಲದ ಅಂಗವನ್ನು ಕಳೆದುಕೊಂಡಿದ್ದಾರೆ.

ಮೊದಲು ಈ ವಸ್ತು ಏನು ಅನ್ನುವುದನ್ನು ನೋಡೋಣ. ಮುಟ್ಟಾಗುವ ಹೆಣ್ಣಿನ ಅಂಡಾಶಯ ಪ್ರತಿ ತಿಂಗಳೂ ಒಂದು ನೀರಿನ ಗುಳ್ಳೆಯನ್ನು ತಾನೇ ಕಟ್ಟುತ್ತದೆ. ಫಾಲಿಕಲ್ ಎಂಬ ಆ ಗುಳ್ಳೆಯೊಳಗೆ ಅಂಡ ಬಲಿಯುತ್ತದೆ. ಸುಮಾರು 2 ಸೆಂ.ಮೀ. ಆದಾಗ ಗುಳ್ಳೆ ಒಡೆದು ಅಂಡ ಹೊರಬರುತ್ತದೆ. ಕೆಲವೊಮ್ಮೆ ಅದು ಒಡೆಯುವುದಿಲ್ಲ, ನೀರು ತುಂಬಿಕೊಳ್ಳುತ್ತಲೇ ಹೋಗುತ್ತದೆ. ಇನ್ನು ಕೆಲವೊಮ್ಮೆ ಒಡೆದ ಮೇಲೆ ಉಳಿದ ಜಾಗದಲ್ಲಿ ನೀರೋ ರಕ್ತವೋ ತುಂಬಿಕೊಳ್ಳುತ್ತದೆ. ಸ್ಕ್ಯಾನಿನಲ್ಲಿ ಎರಡಕ್ಕೂ ಸಿಸ್ಟ್ ಎಂದೇ ಹೆಸರು, ಎರಡೂ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾವಾಗಿ ಇಳಿಯುತ್ತವೆ. ಅಂದರೆ ನನ್ನ ಹೊಟ್ಟೆಯಲ್ಲಿದ್ದದ್ದು ಹೆಚ್ಚು ಕಡಿಮೆ ತಿಂಗಳ ಕೆಲಸವನ್ನು ಮುಗಿಸದೆ ಕೂತ ಗುಳ್ಳೆ.

ಬೇರೆ ಸಿಸ್ಟ್‌ಗಳೂ ಇವೆ, ಅವು ಹೀಗೆ ಹೋಗುವುದಿಲ್ಲ. ಡರ್ಮಾಯ್ಡ್ ಎಂಬುದರೊಳಗೆ ಕೊಬ್ಬು, ಕೂದಲು, ಒಮ್ಮೊಮ್ಮೆ ಹಲ್ಲು ಕೂಡ ಇರುತ್ತದೆ. ಯಾವ ಅಂಗವಾಗಿಯಾದರೂ ಬೆಳೆಯಬಲ್ಲ ಮೂಲಜೀವಕೋಶದಿಂದ ಅದು ಹುಟ್ಟುವುದರಿಂದ ಹೀಗಾಗುತ್ತದೆ. ಮಾಟ ಮಂತ್ರದ ಕಥೆಗಳಿಗೆ ಇದಕ್ಕಿಂತ ಒಳ್ಳೆಯ ಸರಕು ಬೇಕೆ! ಗರ್ಭಕೋಶದ ಒಳಪದರದಂಥದ್ದು ಅಂಡಾಶಯದಲ್ಲಿ ಬೆಳೆದು, ಅಲ್ಲಿಯೂ ರಕ್ತ ಕಟ್ಟಿ, ಹಳೆಯದಾಗಿ ಕಂದು ಬಣ್ಣಕ್ಕೆ ತಿರುಗಿದ್ದು ಚಾಕಲೇಟ್ ಸಿಸ್ಟ್. ಇದು ಎಂಡೊಮೆಟ್ರಿಯೋಸಿಸ್ ಕಾಯಿಲೆಯ ಒಂದು ರೂಪ. ಇವಲ್ಲದೆ ಅಂಡಾಶಯದ ಹೊರಪದರದಿಂದ ಬೆಳೆಯುವಂಥವಿವೆ, ಅವು ಬಹಳ ದೊಡ್ಡವೂ ಆಗಬಹುದು. ಕೊನೆಯದಾಗಿ, ಸಂಖ್ಯೆಯಲ್ಲಿ ಕಡಿಮೆಯಾದರೂ ಎಲ್ಲರ ಮನಸ್ಸಿನಲ್ಲೂ ಮೊದಲು ಬರುವ ಕ್ಯಾನ್ಸರ್.

ಪಿಸಿಒಡಿ ಅನ್ನುವುದು ಈ ಸಾಲಿಗೆ ಸೇರುವುದೇ ಇಲ್ಲ. ಅಲ್ಲಿ ಸ್ಕ್ಯಾನಿನಲ್ಲಿ ಕಾಣುವ ಮುತ್ತಿನ ಸಾಲಿನಂಥ ಪುಟ್ಟ ಗುಳ್ಳೆಗಳು ಪೂರ್ತಿ ಬೆಳೆಯದೆ ನಿಂತ ಫಾಲಿಕಲ್‌ಗಳು. ಅದು ಹಾರ್ಮೋನಿನ ಕಾಯಿಲೆ, ಆ ಗುಳ್ಳೆಗಳನ್ನು ಕತ್ತರಿಸಿ ತೆಗೆಯುವ ಪ್ರಶ್ನೆ ಏಳುವುದಿಲ್ಲ. ಇಂಗ್ಲಿಷ್ ಹೆಸರಿನಲ್ಲಿ 'ಸಿಸ್ಟ್' ಸೇರಿಕೊಂಡಿದ್ದರಿಂದ ಆಗಿರುವ ಗೊಂದಲಕ್ಕೆ ನಾವು ಕನ್ನಡದವರು ಹೊಣೆಯಲ್ಲ.

ಗಡ್ಡೆಗೆ ಮಾತ್ರ ನಾವೇ ಹೊಣೆ. ಗಡ್ಡೆ ಅಂದರೆ ನೆಲದೊಳಗೆ ಬೆಳೆಯುವಂಥದ್ದು, ಗಟ್ಟಿಯಾದದ್ದು, ಅಗೆದು ತೆಗೆಯದೆ ಬಿಟ್ಟರೆ ದಪ್ಪವಾಗುತ್ತಲೇ ಹೋಗುವಂಥದ್ದು. ಸುವರ್ಣಗಡ್ಡೆಯನ್ನು ಯಾರೂ ತಾನಾಗಿ ಕರಗಲಿ ಎಂದು ಬಿಡುವುದಿಲ್ಲ. ಗರ್ಭಕೋಶದ ಫೈಬ್ರಾಯ್ಡ್, ಅಂಡಾಶಯದ ಸಿಸ್ಟ್, ಮೊಲೆಯ ಕ್ಯಾನ್ಸರ್, ಮಿದುಳಿನ ಟ್ಯೂಮರ್ ನಾಲ್ಕಕ್ಕೂ ನಾವು ಅದೇ ಪದ ಬಳಸುತ್ತೇವೆ. ನೀವಿರುವ ಊರಿನ ಭಾಷೆಗಳು ಏನು ಮಾಡಿವೆ ನೋಡಿ. ಚೆನ್ನೈನವರಿಗೆ ಗೊತ್ತಿರುತ್ತದೆ, ತಮಿಳಿನಲ್ಲಿ ಇದಕ್ಕೆ ನೀರ್‌ಕಟ್ಟಿ ಅನ್ನುತ್ತಾರೆ. ಕಟ್ಟಿಯಾದರೂ ನೀರಿನದು ಎಂಬುದು ಪದದಲ್ಲೇ ಇದೆ. ಹೈದರಾಬಾದಿನಲ್ಲಿ ತೆಲುಗಿನವರು ನೀಟಿ ಬುಡಗ ಅನ್ನುತ್ತಾರೆ, ಅಂದರೆ ನೀರಿನ ಗುಳ್ಳೆ. ದೆಹಲಿಯ ಹಿಂದಿಯಲ್ಲಿ ಗಾಂಠ್, ಇಲ್ಲವೇ ಫೈಬ್ರಾಯ್ಡಿಗೂ ಸಿಸ್ಟಿಗೂ ಒಟ್ಟಾಗಿ ರಸೌಲಿ. ನಮ್ಮ ಪುಣೆ, ಮುಂಬೈ ಕಡೆ ಮರಾಠಿಯ ಗಾಠ್. ಗಾಂಠೂ ಗಾಠೂ ಎರಡೂ ಗಂಟೇ. ಗಂಟನ್ನು ಬಿಚ್ಚಬಹುದು ಎಂಬ ಸಮಾಧಾನವಾದರೂ ಅವುಗಳಲ್ಲಿ ಇದೆ.

ಸಿಸ್ಟ್ ಎಂಬುದರ ಗ್ರೀಕ್ ಮೂಲಕ್ಕೆ ಚೀಲ, ಮೂತ್ರಕೋಶ ಎಂಬ ಅರ್ಥ. ಆದ್ದರಿಂದಲೋ ಏನೋ ಕನ್ನಡದ ಹಲವು ಕರಪತ್ರಗಳಲ್ಲಿ ಅದು ಚೀಲವಾಗಿದೆ. ನಾನೂ ಒಮ್ಮೆ ಹಾಗೆ ಬರೆದವಳೇ. ಎರಡು ವರ್ಷದ ಹಿಂದೆ ಒಂದು ಏಜೆನ್ಸಿಯಿಂದ ಆರು ಪುಟದ ರೋಗಿ ಮಾಹಿತಿ ಪತ್ರ ಬಂದಿತ್ತು, ಜೊತೆಗೆ ಕಡ್ಡಾಯವಾಗಿ ಬಳಸಬೇಕಾದ ಪದಪಟ್ಟಿ. ಅದರಲ್ಲಿ ಸಿಸ್ಟ್ ಎಂದರೆ ಚೀಲ. ನಿಗದಿತ ಪದ ಹಾಕಿ, 'ಅಂಡಾಶಯದ ಚೀಲವನ್ನು ತೆಗೆದುಹಾಕುವ ಶಸ್ತ್ರಚಿಕಿತ್ಸೆ' ಎಂದು ಬರೆದು ಮುಗಿಸಿದೆ. ಕಳಿಸುವ ಮೊದಲು ಅಭ್ಯಾಸಬಲದಿಂದ ಗಟ್ಟಿಯಾಗಿ ಓದಿಕೊಂಡಾಗ ಕಿವಿಗೆ ಬಿದ್ದದ್ದು ಚಿಗವ್ವನ ದನಿ. ಆಕೆ ತನ್ನ ಆಪರೇಶನ್ ಬಗ್ಗೆ ಹೇಳುವುದೇ ಹಾಗೆ: "ಚೀಲಾ ತಗಿಸೇನವಾ." ನಮ್ಮ ಕಡೆ ಗರ್ಭಚೀಲ ಎಂದರೆ ಗರ್ಭಕೋಶ. ಗಡಿಯಾಚೆ ಮರಾಠಿಯಲ್ಲಿ ಅದೇ ಗರ್ಭಪಿಶವಿ, ಪಿಶವಿ ಎಂದರೂ ಚೀಲವೇ. ಸಿಸ್ಟನ್ನಷ್ಟೇ ಬಿಡಿಸಿ ಅಂಡಾಶಯವನ್ನು ಉಳಿಸುವ ಒಂದು ಸಣ್ಣ ಆಪರೇಶನ್ನಿಗೆ ನಾನು ಕೊಟ್ಟ ಹೆಸರು, ಅದನ್ನು ಓದುವ ಹಾವೇರಿಯ ಹೆಂಗಸಿಗೆ ಗರ್ಭಕೋಶ ತೆಗೆಯುವುದು ಎಂದಾಗುತ್ತಿತ್ತು. ಆಕೆ ಅದಕ್ಕೆ ಹೂಂ ಅಂದು ಹೆಬ್ಬೆಟ್ಟು ಒತ್ತಿದರೆ ಏನಕ್ಕೆ ಒಪ್ಪಿದಂತಾಯಿತು? ಏಜೆನ್ಸಿಗೆ ಉದ್ದದ ಮೇಲ್ ಬರೆದೆ. ಪದಪಟ್ಟಿಯನ್ನು ಗ್ರಾಹಕರು ಈಗಾಗಲೇ ಒಪ್ಪಿದ್ದಾರೆ, ಬದಲಿಸಲು ಬರುವುದಿಲ್ಲ ಎಂದು ಒಂದು ಸಾಲಿನ ಉತ್ತರ ಬಂತು. ಆ ಕೆಲಸವನ್ನು ವಾಪಸು ಮಾಡಿದೆ. ಬೇರೆ ಯಾರೋ ಮುಗಿಸಿಕೊಟ್ಟಿರುತ್ತಾರೆ.

ಅದೇ ಪಟ್ಟಿಯಲ್ಲಿ ಕಾದು ನೋಡುವುದಕ್ಕಿದ್ದ ಪದ 'ನಿರೀಕ್ಷಣಾ ನಿರ್ವಹಣೆ'. ಇದನ್ನು ಓದಿದ ಯಾವ ರೋಗಿಗೂ ತನಗೆ ಏನು ಹೇಳುತ್ತಿದ್ದಾರೆಂದು ತಿಳಿಯುವುದಿಲ್ಲ. ಬದಲಿಗೆ ವೈದ್ಯರು ಬಾಯಲ್ಲಿ ಹೇಳುವ 'ಏನೂ ಮಾಡೋದು ಬೇಡ' ತಿಳಿಯುತ್ತದೆ, ಆದರೆ ಅದು ಕೈಬಿಟ್ಟಂತೆ ಕೇಳುತ್ತದೆ. ನಿಜವಾಗಿ ಕಾಯುವುದರಲ್ಲಿ ಲೆಕ್ಕಾಚಾರವಿದೆ. ಬ್ರಿಟನ್ನಿನ ಸ್ತ್ರೀರೋಗ ವೈದ್ಯರ ರಾಯಲ್ ಕಾಲೇಜು 2011ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ, ಮುಟ್ಟು ನಿಲ್ಲದ ಹೆಂಗಸಿನಲ್ಲಿ 5 ಸೆಂ.ಮೀ.ಗಿಂತ ಚಿಕ್ಕದಾದ, ಬರೀ ನೀರಿರುವ ಸಿಸ್ಟಿಗೆ ಸಾಮಾನ್ಯವಾಗಿ ಮರುತಪಾಸಣೆಯ ಅಗತ್ಯವೂ ಇಲ್ಲ. 5ರಿಂದ 7 ಸೆಂ.ಮೀ. ಇದ್ದರೆ ವರ್ಷಕ್ಕೊಂದು ಸ್ಕ್ಯಾನ್. ಅದಕ್ಕಿಂತ ದೊಡ್ಡದಾದರೆ ಎಂಆರ್‌ಐ ಇಲ್ಲವೇ ಆಪರೇಶನ್ ಯೋಚಿಸಬೇಕು. ಆ ಲೆಕ್ಕದಲ್ಲಿ ನನಗೆ ಎರಡನೆಯ ಸ್ಕ್ಯಾನೇ ಬೇಕಿರಲಿಲ್ಲ, ನೋವಿದ್ದದ್ದರಿಂದ ನನ್ನ ವೈದ್ಯೆ ಹೇಳಿದ್ದರು. ಮುಟ್ಟು ನಿಂತವರ ಲೆಕ್ಕ ಬೇರೆ. ಅವರಲ್ಲಿ ತಿಂಗಳ ಗುಳ್ಳೆ ಕಟ್ಟುವುದಿಲ್ಲವಾದ್ದರಿಂದ ಸಿಸ್ಟ್ ಕಂಡರೆ ಹೆಚ್ಚು ಜಾಗ್ರತೆ ಬೇಕು, ಸಿಎ-125 ರಕ್ತಪರೀಕ್ಷೆಯನ್ನೂ ಮಾಡಬೇಕು. ಹಾಗಿದ್ದೂ ಸಣ್ಣದಾಗಿ, ಒಂದೇ ಬದಿ, ಒಂದೇ ಕೋಣೆಯಾಗಿ ಬರೀ ನೀರಿದ್ದು, ರಕ್ತಪರೀಕ್ಷೆಯೂ ಸರಿಯಿದ್ದರೆ 4ರಿಂದ 6 ತಿಂಗಳ ನಂತರ ಮತ್ತೆ ನೋಡಿದರಾಯಿತು ಎಂದು ಅದೇ ಕಾಲೇಜು ಅವರಿಗೂ ಹೇಳುತ್ತದೆ.

ಸಿಎ-125 ಬಗ್ಗೆ ಒಂದು ಮಾತು ಸೇರಿಸಬೇಕು, ಯಾಕೆಂದರೆ ನನ್ನ ಪರಿಚಯದ ಇಬ್ಬರು ಆ ಒಂದು ಸಂಖ್ಯೆ ನೋಡಿ ವಾರಗಟ್ಟಲೆ ನಿದ್ದೆ ಬಿಟ್ಟಿದ್ದಾರೆ. ಮುಟ್ಟಿನ ದಿನಗಳಲ್ಲಿ, ಬಸಿರಿನಲ್ಲಿ, ಎಂಡೊಮೆಟ್ರಿಯೋಸಿಸ್ ಇದ್ದಾಗ, ಫೈಬ್ರಾಯ್ಡ್ ಇದ್ದಾಗ ಅದು ಏರುತ್ತದೆ. ಹರೆಯದವರಲ್ಲಿ ಅದೊಂದನ್ನೇ ಹಿಡಿದು ಕ್ಯಾನ್ಸರ್ ಅನ್ನುವಂತಿಲ್ಲ. ಸ್ಕ್ಯಾನಿನಲ್ಲಿ ಏನು ಕಂಡಿತು ಎಂಬುದೇ ಮುಖ್ಯ: ಗಟ್ಟಿ ಭಾಗವಿದೆಯೇ, ದಪ್ಪ ಪರದೆಗಳಿವೆಯೇ, ಒಳಗೆ ರಕ್ತ ಜೋರಾಗಿ ಹರಿಯುತ್ತಿದೆಯೇ, ಹೊಟ್ಟೆಯಲ್ಲಿ ನೀರು ತುಂಬಿದೆಯೇ. ಇವುಗಳಲ್ಲಿ ಯಾವುದಾದರೂ ಇದ್ದರೆ ಕಾಯಬೇಡಿ. ಸಾಧ್ಯವಾದರೆ ಕ್ಯಾನ್ಸರ್ ಶಸ್ತ್ರಚಿಕಿತ್ಸಕರ ಬಳಿಗೇ ಹೋಗಿ.

ಸಿಸ್ಟ್ ಕರಗಲಿ ಎಂದು ಗರ್ಭನಿರೋಧಕ ಗುಳಿಗೆ ಬರೆದುಕೊಡುವುದು ನಮ್ಮಲ್ಲಿ ಬಹಳ ರೂಢಿ. 8 ಪ್ರಯೋಗಗಳನ್ನು, ಒಟ್ಟು 686 ಹೆಂಗಸರ ಮಾಹಿತಿಯನ್ನು ಸೇರಿಸಿ ನೋಡಿದ 2014ರ ಕಾಕ್ರೇನ್ ವಿಮರ್ಶೆಗೆ ಇದರಿಂದ ಉಪಯೋಗ ಕಾಣಲಿಲ್ಲ. ಗುಳಿಗೆ ತಗೊಂಡವರಲ್ಲೂ ಬಿಟ್ಟವರಲ್ಲೂ ಸಿಸ್ಟ್ ಒಂದೇ ಥರ ಇಳಿದಿತ್ತು. ಇಳಿಯದೆ ಉಳಿದವು ಹೆಚ್ಚಾಗಿ ಚಾಕಲೇಟ್ ಸಿಸ್ಟಿನಂಥ ಬೇರೆ ಜಾತಿಯವು. ಗುಳಿಗೆಗೆ ಬೇರೆ ಕೆಲಸಗಳಿವೆ, ಮುಟ್ಟಿನ ನೋವಿಗೆ, ಎಂಡೊಮೆಟ್ರಿಯೋಸಿಸ್ಸಿಗೆ ಅದು ನೆರವಾಗುತ್ತದೆ. ಆದರೆ ನೀರಿನ ಸಿಸ್ಟಿಗೆ ಬರೆಯುವ ಗುಳಿಗೆ ಎಷ್ಟೋ ಸಲ ಬರಿಗೈಯಲ್ಲಿ ಕಳಿಸಬಾರದಲ್ಲ ಎಂಬ ಸಂಕೋಚದ್ದು ಎಂದು ನನ್ನ ಅನುಮಾನ. ಚೀಟಿಯಲ್ಲಿ ಏನೂ ಬರೆಯದ ಡಾಕ್ಟರನ್ನು ನಾವು ಡಾಕ್ಟರೆಂದೇ ಒಪ್ಪುವುದಿಲ್ಲ, ಅದೂ ನಿಜ.

ಆಪರೇಶನ್ನನ್ನು ಬೈಯುವುದು ನನ್ನ ಉದ್ದೇಶವಲ್ಲ. 1809ರ ಡಿಸೆಂಬರಿನಲ್ಲಿ ಅಮೆರಿಕದ ಕೆಂಟಕಿಯಲ್ಲಿ ಎಫ್ರೇಮ್ ಮೆಕ್‌ಡೊವೆಲ್ ಎಂಬ ವೈದ್ಯ ಜೇನ್ ಕ್ರಾಫರ್ಡ್ ಎಂಬಾಕೆಯ ಹೊಟ್ಟೆಯಿಂದ 10 ಕಿಲೋ ತೂಗುವ ಅಂಡಾಶಯದ ಗಡ್ಡೆಯನ್ನು ತೆಗೆದ. ಇಲ್ಲಿ ಗಡ್ಡೆ ಎಂಬುದು ಸರಿಯಾದ ಪದ. ಆಗಿನ್ನೂ ಅರಿವಳಿಕೆ ಬಂದಿರಲಿಲ್ಲ. ಆಕೆ ಕುದುರೆಯ ಮೇಲೆ 60 ಮೈಲಿ ಬಂದಿದ್ದಳು, ವಾಸಿಯಾಗಿ ಊರಿಗೆ ಮರಳಿ ಇನ್ನೂ ಮೂವತ್ತಕ್ಕೂ ಹೆಚ್ಚು ವರ್ಷ ಬಾಳಿದಳು. ಇವತ್ತು ಅದೇ ಕೆಲಸ ಹೊಕ್ಕುಳ ಬಳಿಯ ಮೂರ್ನಾಲ್ಕು ಸಣ್ಣ ತೂತುಗಳಲ್ಲಿ ಮುಗಿಯುತ್ತದೆ. ದೊಡ್ಡ ಡರ್ಮಾಯ್ಡ್ ಇದ್ದರೆ ತೆಗೆಸುವುದೇ ಒಳ್ಳೆಯದು, ಯಾಕೆಂದರೆ ಅಂಡಾಶಯ ತನ್ನ ತೊಟ್ಟಿನ ಮೇಲೆ ತಿರುಚಿಕೊಳ್ಳುವ ಅಪಾಯವಿದೆ. ಒಂದೇ ಬದಿ ಕತ್ತಿಯಾಡಿಸಿದಂಥ ನೋವು, ವಾಂತಿ ಅದರ ಗುರುತು. ಆಗ ದಿನಗಳ ಮಾತಿಲ್ಲ, ಗಂಟೆಗಳ ಲೆಕ್ಕ. ಬೇಗ ಹೋದರೆ ತಿರುಚಿದ್ದನ್ನು ಬಿಡಿಸಿ ಅಂಡಾಶಯವನ್ನು ಉಳಿಸಬಹುದು, ನೋಡಲು ಕಪ್ಪಾಗಿದ್ದ ಅಂಡಾಶಯಗಳೂ ಚೇತರಿಸಿಕೊಂಡಿವೆ.

ಚಾಕಲೇಟ್ ಸಿಸ್ಟಿನದೇ ಕಷ್ಟದ ತೀರ್ಮಾನ. ಅದನ್ನು ಬಿಡಿಸುವಾಗ ಅಂಟಿಕೊಂಡ ಒಳ್ಳೆಯ ಅಂಡಾಶಯವೂ ಒಂದಿಷ್ಟು ಬರುತ್ತದೆ, ಅಂಡಗಳ ದಾಸ್ತಾನು ತೋರಿಸುವ ಎಎಂಎಚ್ ಇಳಿಯುತ್ತದೆ. ಸೂಜಿಯಿಂದ ನೀರು ಹೀರಿ ಬಿಟ್ಟರೆ ಮತ್ತೆ ತುಂಬಿಕೊಳ್ಳುತ್ತದೆ. ಡೈನೋಜೆಸ್ಟ್‌ನಂಥ ಔಷಧ ನೋವನ್ನು ತಗ್ಗಿಸುತ್ತದೆ, ಪೂರ್ತಿ ಅಳಿಸುವುದಿಲ್ಲ. ಮಗು ಬೇಕೆನ್ನುವ ಮೂವತ್ತೆರಡರ ಹುಡುಗಿಗೂ ನೋವು ತಡೆಯಲಾಗದ ನಲವತ್ತೈದರ ಹೆಂಗಸಿಗೂ ಇಲ್ಲಿ ಒಂದೇ ಉತ್ತರ ಇರಲಾರದು. ಆಪರೇಶನ್ ಯಾವುದೇ ಇರಲಿ, ಕೇಳಬೇಕಾದ ಪ್ರಶ್ನೆ ಒಂದು: ಸಿಸ್ಟನ್ನು ಮಾತ್ರ ತೆಗೆಯುತ್ತೀರೋ, ಅಂಡಾಶಯವನ್ನೂ ತೆಗೆಯುತ್ತೀರೋ? ಒಪ್ಪಿಗೆ ಪತ್ರದಲ್ಲಿ 'ಸಿಸ್ಟೆಕ್ಟಮಿ, ಎಸ್‌ಒಎಸ್ ಊಫೊರೆಕ್ಟಮಿ' ಎಂದು ಬರೆದಿದ್ದರೆ, ಮೊದಲನೆಯದು ಸಿಸ್ಟ್ ಮಾತ್ರ, ಎರಡನೆಯದು ಬೇಕೆನಿಸಿದರೆ ಇಡೀ ಅಂಡಾಶಯ. ಯಾವ ಸಂದರ್ಭದಲ್ಲಿ ಬೇಕೆನಿಸುತ್ತದೆ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಈ ಪ್ರಶ್ನೆ ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಿದೆ. 1995ರಲ್ಲಿ ದೆಹಲಿಯಲ್ಲಿ 44 ವರ್ಷದ ಸಮೀರಾ ಕೊಹ್ಲಿ ಲ್ಯಾಪರೊಸ್ಕೋಪಿ ತಪಾಸಣೆಗೆಂದು ಒಳಗೆ ಹೋದರು. ಎಂಡೊಮೆಟ್ರಿಯೋಸಿಸ್ ಕಂಡಿತೆಂದು, ಆಕೆ ಅರಿವಳಿಕೆಯಲ್ಲಿರುವಾಗಲೇ ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯಗಳನ್ನು ತೆಗೆಯಲಾಯಿತು. 2008ರಲ್ಲಿ ಸುಪ್ರೀಂ ಕೋರ್ಟ್, ತಪಾಸಣೆಗೆ ಕೊಟ್ಟ ಒಪ್ಪಿಗೆ ಅಂಗ ತೆಗೆಯಲು ಒಪ್ಪಿಗೆಯಾಗದು, ಪ್ರಾಣಕ್ಕೆ ತುರ್ತಿಲ್ಲದಾಗ ವಯಸ್ಕ ಹೆಂಗಸಿನ ಬದಲು ತಾಯಿ ಒಪ್ಪುವಂತಿಲ್ಲ ಎಂದಿತು. ಈ ತೀರ್ಪಿನ ಬಗ್ಗೆ ಓದಿದಾಗ ಆ ತಾಯಿಯ ಜಾಗದಲ್ಲಿ ನನಗೆ ಅವ್ವ ಕಂಡಳು. ಯಾರಾದರೂ ಹೊರಗೆ ಬಂದು ಮಗಳ ಹೊಟ್ಟೆಯಲ್ಲಿ ಗಡ್ಡೆ ಇದೆ ಅಂದಿದ್ದರೆ ಆಕೆಯೂ ಸಹಿ ಹಾಕಿರುತ್ತಿದ್ದಳು.

ಕೂಲಿ ಹೆಂಗಸರಿಗೆ ಈ ಸಹಿಯ ಮಾತೂ ದೊಡ್ಡದೇ. ಬೀಡ್ ಜಿಲ್ಲೆಯಿಂದ ಕಬ್ಬು ಕಡಿಯಲು ಕೊಲ್ಲಾಪುರಕ್ಕೂ ನಮ್ಮ ಬೆಳಗಾವಿಗೂ ಬರುವ ಹೆಂಗಸರಲ್ಲಿ ಹರೆಯದಲ್ಲೇ ಗರ್ಭಕೋಶ ತೆಗೆಸಿಕೊಂಡವರು ಎಷ್ಟೊಂದು ಜನ ಎಂಬುದು 2019ರಲ್ಲಿ ಸುದ್ದಿಯಾಯಿತು. ಅದಕ್ಕೂ ಮೊದಲು ಕಲಬುರಗಿಯ ತಾಂಡಾಗಳ ಹೆಂಗಸರು ಇದೇ ಕಥೆ ಹೇಳುತ್ತಾ ಬೀದಿಗಿಳಿದಿದ್ದರು. ಬಿಹಾರ, ಛತ್ತೀಸಗಢ, ರಾಜಸ್ಥಾನಗಳ ಇಂಥವೇ ಪ್ರಕರಣಗಳ ಮೇಲೆ 2013ರಲ್ಲಿ ಹೂಡಿದ ಅರ್ಜಿಗೆ 2023ರ ಏಪ್ರಿಲ್‌ನಲ್ಲಿ ತೀರ್ಪು ಬಂತು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು ಕೋರ್ಟ್ ಹೇಳಿತು.

ಇಲ್ಲಿ ನನ್ನ ವಾದಕ್ಕೆ ಒಂದು ಪೆಟ್ಟು ಬೀಳುತ್ತದೆ, ಅದನ್ನು ಮುಚ್ಚಿಡಲಾರೆ. ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುವ ಗೆಳತಿಗೆ ಇದನ್ನೆಲ್ಲ ಹೇಳಿದಾಗ ಆಕೆ ಕೇಳಿದಳು: "ನೀನು ಪುಣೆಯಲ್ಲಿ ಕೂತು ಕಾಯಬಹುದು. ನನ್ನ ಎದುರಿಗೆ ಬರುವ ಹೆಂಗಸು ಮೂರು ತಿಂಗಳಾದ ಮೇಲೆ ಯಾವ ಜಿಲ್ಲೆಯ ಗದ್ದೆಯಲ್ಲಿ ಇರ್ತಾಳೆ ಗೊತ್ತಾ? ಮತ್ತೆ ಸ್ಕ್ಯಾನಿಗೆ ದುಡ್ಡು, ಬಸ್ಸಿಗೆ ದುಡ್ಡು, ಒಂದು ದಿನದ ಕೂಲಿ ಖೋತಾ. ಕಾಯಿರಿ ಅಂತ ಕಳಿಸಿದವಳು ಹೊಟ್ಟೆ ತಿರುಚಿಕೊಂಡು ಎಲ್ಲೋ ಬಿದ್ದರೆ ಬೈಸಿಕೊಳ್ಳೋದು ಯಾರು?" ನನ್ನ ಬಳಿ ಉತ್ತರ ಇರಲಿಲ್ಲ. ಕಾಯುವುದಕ್ಕೂ ಖರ್ಚಿದೆ, ಕಾಯಲು ಒಂದು ವಿಳಾಸ ಬೇಕು. ಎರಡನೆಯ ಸ್ಕ್ಯಾನನ್ನು ಯಾವ ಊರಿನ ಸರ್ಕಾರಿ ಆಸ್ಪತ್ರೆಯಲ್ಲಾದರೂ, ಯಾವ ರಾಜ್ಯದ ಕಾರ್ಡ್ ಇದ್ದರೂ, ಬಿಟ್ಟಿಯಾಗಿ ಮಾಡುವ ಏರ್ಪಾಡು ಇಲ್ಲದೆ ಬರೀ ಒಳ್ಳೆಯ ಪದ ಹುಡುಕಿ ಕೊಟ್ಟರೆ ಆ ಹೆಂಗಸಿಗೆ ಏನೂ ಸಿಕ್ಕಂತಾಗದು. ಆದರೆ ಹಿಂದಿರುಗಿ ಬರಲಾರಳು ಎಂಬ ಕಾರಣಕ್ಕೆ ಒಂದು ಸಿಸ್ಟಿನ ಜೊತೆ ಎರಡೂ ಅಂಡಾಶಯಗಳನ್ನು ತೆಗೆದರೆ, ಆಕೆಗೆ ಅವತ್ತೇ ಮುಟ್ಟು ನಿಲ್ಲುತ್ತದೆ. ಸಹಜವಾಗಿ ಇನ್ನೂ ಹತ್ತು ವರ್ಷ ಸಿಗಬೇಕಿದ್ದ ಹಾರ್ಮೋನು ಹೋಗುತ್ತದೆ, ಮೂಳೆ ಸವೆಯುತ್ತದೆ, ಹೃದಯದ ಕಾಯಿಲೆಯ ಅಪಾಯ ಏರುತ್ತದೆ. ಹಾಗೆ ತೆಗೆಯಲೇಬೇಕಾಗಿ ಬಂದರೆ, ಬೇರೆ ತೊಡಕಿಲ್ಲದಿದ್ದಲ್ಲಿ ಐವತ್ತರ ಆಸುಪಾಸಿನವರೆಗೆ ಹಾರ್ಮೋನನ್ನು ಔಷಧವಾಗಿ ಕೊಡುತ್ತಾರೆ. ಚಿಗವ್ವನಿಗೆ ಹಾಗೊಂದು ಔಷಧವಿದೆ ಎಂದು ಯಾರೂ ಹೇಳಿರಲಿಲ್ಲ. ಮೈಯೆಲ್ಲ ಬೆಂಕಿ ಹತ್ತಿದಂತಾಗಿ ಆಕೆ ರಾತ್ರಿ ಎದ್ದು ಹಿತ್ತಲಿನಲ್ಲಿ ಕೂರುತ್ತಿದ್ದಳು. ದೇವರು ಮೈಮೇಲೆ ಬರುತ್ತಾನೇನೋ ಎಂದು ಮನೆಯಲ್ಲಿ ಮಾತಾಡಿಕೊಂಡಿದ್ದು ನನಗೆ ನೆನಪಿದೆ.

ಈಗ ನಾನು ಬರೆಯುವ ಪತ್ರಗಳಲ್ಲಿ ಸಿಸ್ಟನ್ನು 'ಸಿಸ್ಟ್' ಎಂದೇ ಬಿಟ್ಟು, ಮೊದಲ ಸಲ ಬಂದಾಗ 'ಅಂದರೆ ನೀರುಗುಳ್ಳೆ' ಎಂದು ಸೇರಿಸುತ್ತೇನೆ. ನೀರಲ್ಲದ್ದು ಇರುವವಕ್ಕೆ ಅದರ ಹೆಸರನ್ನೇ ಹೇಳುತ್ತೇನೆ. ಕಾಯುವುದಕ್ಕೆ 'ತಾರೀಖು ಗೊತ್ತುಮಾಡಿ ಕಾಯುವ ಚಿಕಿತ್ಸೆ' ಎಂದು ಬರೆದು, ಕೆಳಗೆ ತಾರೀಖು ತುಂಬಲು ಗೆರೆ ಬಿಡಿ ಎಂದು ಕೇಳುತ್ತೇನೆ. ಕೆಲವರು ಒಪ್ಪುತ್ತಾರೆ, ಕೆಲವರು ಹೊಡೆದು ಹಾಕುತ್ತಾರೆ. ನಿಮ್ಮಲ್ಲಿ ಯಾರಿಗಾದರೂ ಮನೆಯಲ್ಲಿ ಬಳಸುವ ಇದಕ್ಕಿಂತ ಒಳ್ಳೆಯ ಪದ ಗೊತ್ತಿದ್ದರೆ ಈ ಮೇಲ್‌ಗೆ ಉತ್ತರವಾಗಿ ಬರೆಯಿರಿ.

ಅಕ್ಟೋಬರಿನ ಸ್ಕ್ಯಾನಿನಲ್ಲಿ ಎಡ ಅಂಡಾಶಯ ಬರಿದಾಗಿತ್ತು. ದೀಪಾವಳಿಗೆ ಊರಿಗೆ ಹೋದಾಗ ಅವ್ವ ಈ ಸುದ್ದಿಯನ್ನು ಬಂದವರಿಗೆಲ್ಲ ತಾನೇ ಕಾದು ವಾಸಿ ಮಾಡಿದಂತೆ ಹೇಳುತ್ತಿದ್ದಳು. ಚಿಗವ್ವ ಏನೂ ಅನ್ನದೆ ಹೋಳಿಗೆಯ ಕಣಕ ನಾದುತ್ತಿದ್ದಳು. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ನನ್ನ ಪಕ್ಕ ಬಂದು ಕುಂತು ಕೇಳಿದಳು: "ನಂದೂ ಹಂಗ ಹೋಗ್ತಿತ್ತೇನವಾ?"

ಹಳೆಯ ಕಾಗದ ಇದ್ದರೆ ತೋರಿಸು ಅಂದೆ. ಟ್ರಂಕಿನ ಅಡಿಯಿಂದ, ಸೀರೆಯಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ಫೈಲು ತಂದಳು. ಬಿಲ್ಲುಗಳಿದ್ದವು, ಹೊಲಿಗೆ ಬಿಚ್ಚುವ ತಾರೀಖಿತ್ತು, ಡಿಸ್ಚಾರ್ಜ್ ಕಾರ್ಡಿನಲ್ಲಿ 'ಓವೇರಿಯನ್ ಸಿಸ್ಟ್' ಎಂಬ ಎರಡೇ ಪದಗಳಿದ್ದವು. ಸ್ಕ್ಯಾನಿನ ವರದಿ ಇರಲಿಲ್ಲ. ತೆಗೆದದ್ದನ್ನು ಲ್ಯಾಬಿಗೆ ಕಳಿಸಿ ಏನೆಂದು ತಿಳಿದ ಬಯಾಪ್ಸಿ ವರದಿಯೂ ಇರಲಿಲ್ಲ.

"ಎಷ್ಟ ದೊಡ್ಡದಿತ್ತಂತ ಬರದಾರೇನು?"

"ಬರದಿಲ್ಲ ಚಿಗವ್ವ."

ಆಕೆ ಕಾಗದಗಳನ್ನು ಒಂದೊಂದಾಗಿ ಜೋಡಿಸಿ ಮತ್ತೆ ಅದೇ ಕವರಿನಲ್ಲಿ ಸುತ್ತಿದಳು.